ಮೂಗು ಒಣಗಿದ್ದರೂ ರಕ್ತ ಒಸರುವ ಓಟ
ಪೂರ್ಣ ವೇಗದಲ್ಲಿ ಓಡುವ ಥರೋಬ್ರೆಡ್ ಕುದುರೆಯ ಹೃದಯ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಆಗ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ, ಅವುಗಳ ತೆಳು ಗೋಡೆ ಬಿರಿದು, ರಕ್ತ ಗಾಳಿಗೂಡುಗಳೊಳಕ್ಕೆ ಒಸರುತ್ತದೆ. ಮೂಗಿನಿಂದ ರಕ್ತ ಇಳಿಯುವುದು ಕೆಲವೇ ಕುದುರೆಗಳಲ್ಲಿ; ಹಾಗಾಗಿ ಶ್ವಾಸಕೋಶದ ಈ ರಕ್ತಸ್ರಾವವನ್ನು ಬಹುಕಾಲ ಅಪರೂಪದ ತೊಂದರೆಯೆಂದೇ ಎಣಿಸಲಾಗಿತ್ತು. ಬಾಗುವ ಎಂಡೋಸ್ಕೋಪ್ ಬಂದು, ಓಟ ಮುಗಿಸಿದ ಕುದುರೆಗಳ ಶ್ವಾಸನಾಳವನ್ನು ಪಶುವೈದ್ಯರು ಪರೀಕ್ಷಿಸತೊಡಗಿದ ಮೇಲೆ ಆ ಎಣಿಕೆ ಉಳಿಯಲಿಲ್ಲ: ರಕ್ತ ಕಂಡದ್ದು ಬಹುಪಾಲು ಕುದುರೆಗಳಲ್ಲಿ. ಚಿಕಿತ್ಸೆಯ ವಿಚಾರದಲ್ಲಿ ಗಟ್ಟಿ ಪುರಾವೆ ಸಿಕ್ಕಿದ್ದು ಇನ್ನೂ ತಡವಾಗಿ. 2009ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಪ್ರಯೋಗದಲ್ಲಿ 167 ಕುದುರೆಗಳು ತಲಾ ಎರಡು ಸಲ ಓಡಿದವು. ಒಮ್ಮೆ ಫ್ಯೂರೋಸಮೈಡ್ ಎಂಬ ಔಷಧ ಪಡೆದು, ಇನ್ನೊಮ್ಮೆ ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದು. ಔಷಧ ಪಡೆದಾಗ ರಕ್ತಸ್ರಾವ ಸ್ಪಷ್ಟವಾಗಿ ತಗ್ಗಿತು. ಆದರೆ ಫ್ಯೂರೋಸಮೈಡ್ ಮೂತ್ರ ಹೆಚ್ಚಿಸಿ ದೇಹತೂಕವನ್ನೂ ಇಳಿಸುವ ಮದ್ದು. ಅದರಿಂದ ವೇಗಕ್ಕೂ ಲಾಭವಿದೆ. ಅಮೆರಿಕ ದಶಕಗಳ ಕಾಲ ಓಟದ ದಿನವೇ ಅದನ್ನು ಕೊಡಲು ಒಪ್ಪಿದರೆ, ಬ್ರಿಟನ್ ಒಪ್ಪಲಿಲ್ಲ. ಬ್ರಿಟನ್ನಿನ ನಿಲುವೇ ಸರಿ: ಮದ್ದಿಲ್ಲದೆ ಓಡಲಾಗದ ಕುದುರೆಗೆ ಬೇಕಾದದ್ದು ವಿಶ್ರಾಂತಿ. ಮತ್ತೆ ಮತ್ತೆ ರಕ್ತ ಒಸರಿದ ಶ್ವಾಸಕೋಶದ ಹಿಂಬದಿಯ ಮೇಲ್ಭಾಗದಲ್ಲಿ ನಾರುಗಟ್ಟಿದ ಕಲೆ ಉಳಿಯುತ್ತದೆ, ಅದನ್ನು ಅಳಿಸುವ ಔಷಧವಿಲ್ಲ.