ಸೂಕ್ಷ್ಮಜೀವಿಯೂ ತಿಳಿಗನ್ನಡವೂ

1918ರಲ್ಲಿ ತುಮಕೂರು ಸೀಮೆಯ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಅಂಥ ಕಾರ್ಯದ ಅಗತ್ಯ ಮಾತ್ರ ಇಂದು ಹೆಚ್ಚಿದೆ.

ನೆಗಡಿಯನ್ನು ತರುವುದು ವೈರಸ್ಸು. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆಂಟಿಬಯಾಟಿಕ್ ಅದನ್ನು ಮುಟ್ಟಲಾರದು. ಅನಗತ್ಯವಾಗಿ ನುಂಗಿದ ಗುಳಿಗೆಯಾದರೋ, ಮೈಯಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ದುರ್ಬಲವಾದುವನ್ನು ಕೊಂದು, ಮದ್ದಿಗೆ ಬಗ್ಗದವು ಬೆಳೆಯಲು ಎಡೆಗೊಡುತ್ತದೆ. ಮುಂದೆ ನಿಜವಾದ ಸೋಂಕು ತಗುಲಿದಾಗ ಮದ್ದು ಸೋಲಬಹುದು. ಔಷಧದ ದುರ್ಬಳಕೆಯ ಈ ಅಪಾಯವನ್ನು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗರು 1945ರ ನೊಬೆಲ್ ಭಾಷಣದಲ್ಲಿಯೇ ಸೂಚಿಸಿದ್ದರು.

ಆ ತಿಳಿವು ಇಂಗ್ಲಿಷ್ ಪ್ರಬಂಧಗಳಲ್ಲಿಯೇ ಉಳಿದರೆ, ಗುಬ್ಬಿಯ ರೈತನಿಗಾಗಲಿ ಕುಣಿಗಲಿನ ತಾಯಿಗಾಗಲಿ ಅದರಿಂದ ಪ್ರಯೋಜನವೇನು? ಗುಳಿಗೆಯನ್ನು ನುಂಗುವವರು ಅವರೇ ಅಲ್ಲವೆ? ಪ್ರಯೋಗಶಾಲೆಯ ಅರಿವು ಔಷಧದಂಗಡಿಯ ಬಾಗಿಲಿಗೆ ತಿಳಿಗನ್ನಡದಲ್ಲಿ ಬರಬೇಕು. ತುಮಕೂರಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಹೊಣೆಯನ್ನು ಹೊರಲಿ.