ಜೇನಿಗಿರುವ ಲೆಕ್ಕ ಮರಳಿಗಿಲ್ಲ

ಕೆಮ್ಮು ಬಂದಾಗ ಮಲೆನಾಡಿನ ಮನೆಗಳಲ್ಲಿ ಬಾಯಿಗಿಟ್ಟು ಅಗಿಯುವ ಜ್ಯೇಷ್ಠಮಧು ಮಲೆನಾಡಿನ ಸಸ್ಯವಲ್ಲ. ಅದು ಒಣನೆಲದ ಸಂತಾನ. ಅದರ ಸಮೀಪದ ಸೋದರಿಯೊಂದು ಉತ್ತರ ಚೀನಾದ ಒಳ ಮಂಗೋಲಿಯ, ನಿಂಗ್ಶಿಯಾ, ಗಾನ್ಸು ಪ್ರದೇಶಗಳ ಮರಳುಮಿಶ್ರಿತ ಹುಲ್ಲುಗಾವಲುಗಳಲ್ಲಿ ಬೆಳೆಯುತ್ತದೆ. ಚೀನೀಯರು ಅದನ್ನು ‘ಗಾನ್‌ಚಾವೊ’, ಅಂದರೆ ಸಿಹಿ ಮೂಲಿಕೆ, ಎನ್ನುತ್ತಾರೆ. ಇತರ ಮೂಲಿಕೆಗಳ ತೀಕ್ಷ್ಣತೆಯನ್ನು ತಗ್ಗಿಸಿ ಅವನ್ನು ಒಂದಕ್ಕೊಂದು ಹೊಂದಿಸುತ್ತದೆಂಬ ನಂಬಿಕೆಯಿಂದ ಅಲ್ಲಿನ ವೈದ್ಯರು ಅದನ್ನು ಅಸಂಖ್ಯ ಕಷಾಯಗಳಿಗೆ ಸೇರಿಸುತ್ತಾರೆ.

ಬೇರಿನ ಸಂಸ್ಕಾರದಲ್ಲಿ ಅವರ ಶ್ರದ್ಧೆ ಮೆಚ್ಚತಕ್ಕದ್ದು. ಹುರಿಯದೆ ಬಳಸಿದರೆ ಉಷ್ಣ ಶಮನ, ಜೇನಿನಲ್ಲಿ ಹುರಿದರೆ ಜೀರ್ಣಶಕ್ತಿಗೆ ಬಲ ಎಂಬುದು ಆ ಪದ್ಧತಿಯ ಮತ. ಚೀನಾದ ಅಧಿಕೃತ ಔಷಧಕೋಶದ ಪ್ರಕಾರ 100 ಕಿಲೋ ಬೇರಿಗೆ 25 ಕಿಲೋ ಜೇನು. ಕಾಯಿಸಿದ ಜೇನಿಗೆ ತುಸು ನೀರು ಬೆರೆಸಿ, ಹೆಚ್ಚಿದ ಬೇರಿನ ಬಿಲ್ಲೆಗಳಿಗೆ ಹಚ್ಚಿ, ಅದು ಒಳಗಿಳಿಯುವವರೆಗೆ ಮುಚ್ಚಿಡಬೇಕು. ಅನಂತರ ಸಣ್ಣ ಉರಿಯಲ್ಲಿ, ಬಣ್ಣ ಗಾಢ ಹಳದಿಗೆ ತಿರುಗಿ ಕೈಗೆ ಅಂಟದಂತಾಗುವ ತನಕ ಹುರಿಯಬೇಕು. ಉರಿ ಮೀರಿದರೆ ಜೇನು ಸೀದುಹೋಗುತ್ತದೆ. (ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆನ್ನುವಂತಿಲ್ಲ: ಬಹುದಿನ ಅತಿಯಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ.)

ಬಾಣಲೆಯ ಮುಂದಿನ ಈ ಎಚ್ಚರ ಬೇರು ಅಗೆಯುವ ನೆಲದಲ್ಲಿ ಕಾಣಲಿಲ್ಲ. ಆಳಕ್ಕಿಳಿದು ಅಡ್ಡಡ್ಡ ಹಬ್ಬುವ ಈ ಬೇರುಗಳೇ ಅಲ್ಲಿ ಮರಳನ್ನು ಹಿಡಿದಿಟ್ಟಿರುವುದು. ಒಂದು ಬೇರಿಗಾಗಿ ತೋಡಿದ ಗುಂಡಿಯ ಸುತ್ತಲಿನ ಹುಲ್ಲೂ ಸಾಯುತ್ತದೆ, ಸಡಿಲಗೊಂಡ ಮಣ್ಣನ್ನು ಗಾಳಿ ಹೊತ್ತೊಯ್ಯುತ್ತದೆ. 1987ರಲ್ಲಿಯೇ ಚೀನಾ ಸರ್ಕಾರ ಈ ಸಸ್ಯವನ್ನು ಸಂರಕ್ಷಿತ ಔಷಧಿ ಸಸ್ಯಗಳ ಪಟ್ಟಿಗೆ ಸೇರಿಸಿತ್ತು. ಆದರೂ ಅಗೆತ ನಿಲ್ಲದೆ, 2000ದಲ್ಲಿ ಮಿತಿಮೀರಿದ ಅಗೆತವನ್ನು ತಡೆಯಲು ಮತ್ತೊಂದು ಆದೇಶ ಹೊರಡಿಸಬೇಕಾಯಿತು.

ದೋಷವನ್ನು ಗುದ್ದಲಿ ಹಿಡಿದ ಬಡವನ ಮೇಲೆ ಹೊರಿಸುವುದು ಸುಲಭ. ಆದರೆ ಆ ಬೇರಿನ ಸಾರ ಹೋಗುವುದು ಕಷಾಯಕ್ಕೆ ಮಾತ್ರವಲ್ಲ, ಮಿಠಾಯಿಗೆ ಮತ್ತು ತಂಬಾಕಿಗೆ ಸಹ. ಬೇಡಿಕೆಯನ್ನು ಮುಟ್ಟದ ನಿಷೇಧವು ಅಗೆಯುವವನನ್ನು ಕಳ್ಳನನ್ನಾಗಿಸುತ್ತದೆಯೇ ಹೊರತು ಮರಳನ್ನು ಉಳಿಸುವುದಿಲ್ಲ.

ಈಗ ಸಾಗುವಳಿ ವ್ಯಾಪಕವಾಗಿದೆ. ಅದು ಸರಿಯಾದ ದಾರಿಯೇ, ಆದರೆ ಬೇರು ಬಲಿಯಲು ಮೂರು ನಾಲ್ಕು ವರ್ಷ ಬೇಕು, ಎಳೆಯ ಬೇರಿನಲ್ಲಿ ಸತ್ವ ಸಾಲದು. ಅಷ್ಟು ಕಾಲ ರೈತ ಯಾವುದನ್ನು ನಂಬಿ ಕಾಯಬೇಕು? ಕೊಳ್ಳುವ ಕಂಪನಿಗಳು ಬಿತ್ತನೆಯ ವರ್ಷದಲ್ಲಿಯೇ ಬೆಲೆಯನ್ನು ಒಪ್ಪಿ, ಒಂದು ಭಾಗವನ್ನು ಮುಂಗಡವಾಗಿ ಕೊಡಬೇಕು. ಜೇನಿನ ಪ್ರಮಾಣವನ್ನು ವಿಧಿಸಬಲ್ಲ ಸರ್ಕಾರಕ್ಕೆ ಇದನ್ನು ವಿಧಿಸುವುದು ಅಸಾಧ್ಯವೇನಲ್ಲ.