ಮೇಲ್ವಿಚಾರಣೆ ಯಾರ ಹಕ್ಕು?

ಕ್ಲಿನಿಕಲ್ ಸೈಕಾಲಜಿ ಕಲಿಯುವವರನ್ನು ಸ್ವಂತ ಆಸ್ಪತ್ರೆಯ ಹೊರಗೂ ಕೆಲಸಕ್ಕೆ ಹಚ್ಚಬೇಕು ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಜಿಲ್ಲಾಸ್ಪತ್ರೆ, ಶಾಲೆ, ವ್ಯಸನಮುಕ್ತಿ ಕೇಂದ್ರ ಹೀಗೆ ಒಂದೊಂದು ಕಡೆ ಕೆಲವು ವಾರ ‘ಪೋಸ್ಟಿಂಗ್’ ಇರುತ್ತದೆ. ಹೋಗಿಬಂದವರು ಲಾಗ್‌ಬುಕ್ ತುಂಬಿಸುತ್ತಾರೆ, ಸೂಪರ್‌ವೈಸರ್ ಸಹಿ ಹಾಕುತ್ತಾರೆ. ಆ ಸಹಿಯ ಹಿಂದೆ ಏನಿದೆ ಎಂದು ಕೇಳುವವರು ಕಡಿಮೆ. ಕೇಳಿದರೂ ವಿದ್ಯಾರ್ಥಿಯ ಕಡೆಯಿಂದ ಕೇಳುತ್ತಾರೆ: ಅವನಿಗೆ ಸರಿಯಾಗಿ ಕಲಿಸಿದರೇ, ಸಾಕಷ್ಟು ಕೇಸು ಸಿಕ್ಕಿತೇ? ನನ್ನ ವಾದ ಇಷ್ಟೆ: ಮೇಲ್ವಿಚಾರಣೆ ಮೊದಲು ಎದುರಿಗೆ ಕೂತ ರೋಗಿಯ ಹಕ್ಕು, ಆಮೇಲೆ ವಿದ್ಯಾರ್ಥಿಯ ಸೌಲಭ್ಯ. ಈ ಕ್ರಮವನ್ನು ಒಪ್ಪಿಕೊಂಡರೆ ಹೊರಗಿನ ಪೋಸ್ಟಿಂಗುಗಳಲ್ಲಿ ಕೆಲವನ್ನಾದರೂ ನಿಲ್ಲಿಸಬೇಕಾಗುತ್ತದೆ.

ಹೊರಗೆ ಕಳಿಸುವುದೇ ಬೇಡ ಎಂದಲ್ಲ. ದೊಡ್ಡ ಆಸ್ಪತ್ರೆಯ ಓಪಿಡಿಗೆ ಬಂದು ಮುಟ್ಟುವ ರೋಗಿ ಆಗಲೇ ಹಲವು ಜರಡಿ ದಾಟಿರುತ್ತಾನೆ. ಹರಕೆ, ತಾಯತ, ಊರಿನ ಡಾಕ್ಟರು, ಸ್ಕ್ಯಾನಿಂಗ್ ಎಲ್ಲ ಮುಗಿದು, ಇದು ಮನಸ್ಸಿನ ಕಾಯಿಲೆ ಎಂದು ಮನೆಯವರು ಒಪ್ಪಿಕೊಂಡ ಮೇಲೆ ಬಂದವನು ಅವನು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆಯಿಲ್ಲದೆ ಉಳಿದವರ ಪ್ರಮಾಣ, ಕಾಯಿಲೆ ಯಾವುದೆಂಬುದರ ಮೇಲೆ, ಶೇ. 70ರಿಂದ 92ರವರೆಗೆ ಇದೆ. ಆಸ್ಪತ್ರೆಯೊಳಗೇ ಕಲಿತವನು ಮಿಕ್ಕ ಸಣ್ಣ ಪಾಲನ್ನಷ್ಟೇ ನೋಡಿರುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸು ಖಿನ್ನತೆ ಎನ್ನುವುದಿಲ್ಲ. ತಲೆಭಾರ, ಎದೆಯುರಿ, ಕೈಕಾಲು ಸೆಳೆತ, ನಿಶ್ಶಕ್ತಿ ಅನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳುವ ಕಿವಿ ವಾರ್ಡಿನಲ್ಲಿ ತಯಾರಾಗುವುದಿಲ್ಲ.

ಕರ್ನಾಟಕಕ್ಕೆ ಈ ತಿಳಿವಳಿಕೆ ಹೊಸದಲ್ಲ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1955ರಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿ ಶುರುವಾಯಿತು. ಆ ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಸ್ವಲ್ಪ ಕಾಲದಲ್ಲೇ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಹೋಯಿತು. ಬಳ್ಳಾರಿಯಲ್ಲಿ ಕಂಡುಕೊಂಡದ್ದೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಅದಕ್ಕೂ ಬಹಳ ಹಿಂದೆ ವಿ. ವಿ. ಕಾಮತರು ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ಧಾರವಾಡ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು.

ತೊಡಕು ಇರುವುದು ಮೇಲ್ವಿಚಾರಣೆ ನಡೆಯುವ ರೀತಿಯಲ್ಲಿ. ವಿದ್ಯಾರ್ಥಿ ವಾರಕ್ಕೊಮ್ಮೆ ವಾಪಸು ಬಂದು ಕೇಸು ಹೇಳುತ್ತಾನೆ, ಸೂಪರ್‌ವೈಸರ್ ಕೇಳಿ ಸಲಹೆ ಕೊಡುತ್ತಾರೆ. ಆದರೆ ಅವನು ಹೇಳಬಲ್ಲದ್ದು ತನಗೆ ಕಂಡಷ್ಟನ್ನೇ. ರೋಗಿಯ ಗಂಡ ಬಾಗಿಲ ಬಳಿ ನಿಂತಿದ್ದ, ಅವನು ಆಚೆ ಸರಿದಾಗ ಮಾತ್ರ ಅವಳ ದನಿ ಬದಲಾಯಿತು ಎಂಬುದು ಗಮನಕ್ಕೇ ಬಂದಿಲ್ಲದಿದ್ದರೆ ವರದಿಗೆ ಎಲ್ಲಿಂದ ಬರಬೇಕು? ತಲೆನೋವಿಗೆ ರಿಲ್ಯಾಕ್ಸೇಶನ್ ಹೇಳಿಕೊಟ್ಟೆ ಎಂದು ಬರೆದಿರುತ್ತಾನೆ; ಅದು ಸುಳ್ಳೂ ಅಲ್ಲ. ಹೊಸಬನ ಕೊರತೆ ಇರುವುದೇ ಕಾಣುವುದರಲ್ಲಿ. ಆ ಕೊರತೆಯನ್ನು ಅವನ ಕಣ್ಣಿನಿಂದಲೇ ತಪಾಸಣೆ ಮಾಡಲು ಹೊರಟರೆ ಏನು ಸಿಕ್ಕೀತು? ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ಸೂಪರ್‌ವೈಸರ್ ಜೊತೆಗೆ ಕೂರುತ್ತಾರೆ, ಒಮ್ಮುಖ ಕನ್ನಡಿಯ ಹಿಂದಿನಿಂದ ನೋಡುತ್ತಾರೆ, ಇಲ್ಲವೇ ರೋಗಿಯ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣ ಕೇಳುತ್ತಾರೆ. ಆಸ್ಪತ್ರೆಯೊಳಗೆ ಇದೆಲ್ಲ ಸುಲಭ. ಹೊರಗೆ ಮೊದಲು ಬಿಟ್ಟುಹೋಗುವುದೂ ಇದೇ.

ಶಾಲೆಯ ಪೋಸ್ಟಿಂಗನ್ನೇ ನೋಡಿ. ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ ಎಂದು ಟೀಚರು ಕಳಿಸಿದ ಹತ್ತು ವರ್ಷದ ಹುಡುಗಿ, ಬುದ್ಧಿಮಾಪನ ಪರೀಕ್ಷೆಯ ನಡುವೆ, ಮನೆಗೆ ಬರುವ ಮಾಮ ತನಗೆ ಏನು ಮಾಡುತ್ತಾನೆಂದು ಹೇಳಿಬಿಟ್ಟಳು ಅಂದುಕೊಳ್ಳೋಣ. ‘ಯಾರಿಗೂ ಹೇಳ್ಬೇಡಿ ಅಕ್ಕ’ ಎಂದೂ ಸೇರಿಸುತ್ತಾಳೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಟ್ರೈನಿ ಎಂಬ ವಿನಾಯಿತಿ ಅದರಲ್ಲಿಲ್ಲ. ಕಾನೂನೇನೋ ಸ್ಪಷ್ಟ. ಆದರೆ ಗುಟ್ಟು ಉಳಿಸಿಕೊಳ್ಳಲಾಗದು ಎಂದು ಆ ಹುಡುಗಿಗೆ ಯಾವ ಮಾತಿನಲ್ಲಿ ಹೇಳುವುದು? ಇವತ್ತು ಸಂಜೆ ಅವಳು ಅದೇ ಮನೆಗೆ ಹೋಗಬೇಕೇ? ಶಾಲೆಯ ಹೆಸರು ಕೆಡುತ್ತದೆ, ಮೊದಲು ನಾವೇ ವಿಚಾರಿಸುತ್ತೇವೆ ಎಂದು ಹೆಡ್‌ಮಾಸ್ಟರು ಅಂದರೆ ಇಪ್ಪತ್ತನಾಲ್ಕರ ಟ್ರೈನಿ ಎದುರಾಡುವುದು ಹೇಗೆ? ಮುಂದಿನ ಶುಕ್ರವಾರದ ಮೇಲ್ವಿಚಾರಣೆಯ ತನಕ ಕಾಯುವ ಸಂಗತಿಯಲ್ಲ ಇದು. ಆ ಗಳಿಗೆಗೆ ಫೋನ್ ಎತ್ತುವ, ಬೇಕಾದರೆ ಎದ್ದು ಬರುವ, ಹೆಡ್‌ಮಾಸ್ಟರ ಎದುರು ಕೂತು ಮಾತಾಡಬಲ್ಲ ಒಬ್ಬರು ಬೇಕು. ಅಂಥವರು ಇಲ್ಲವೆಂದಾದರೆ ಆ ಮಗುವನ್ನು ಪರೀಕ್ಷೆಗೆ ಕೂರಿಸಲೇಬಾರದಿತ್ತು. ಹಾಗಾಗಿದ್ದರೆ ಅವಳು ಬಾಯಿ ಬಿಡುತ್ತಲೇ ಇರಲಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಹೇಳಿಯೂ ಏನೂ ಆಗದೆ ಮನೆಗೆ ವಾಪಸಾದ ಮಗು ಎರಡನೇ ಸಲ ಬಾಯಿ ಬಿಡುವುದು ಇನ್ನೂ ಕಷ್ಟ.

ಇದಕ್ಕೆ ಬರುವ ಉತ್ತರ ಗೊತ್ತಿರುವುದೇ: ತಜ್ಞರೇ ಇಲ್ಲದ ಜಿಲ್ಲೆಗೆ ಸೂಪರ್‌ವೈಸರನ್ನು ಎಲ್ಲಿಂದ ತರುವುದು, ಯಾರೂ ಇಲ್ಲದಿರುವುದಕ್ಕಿಂತ ಟ್ರೈನಿ ವಾಸಿಯಲ್ಲವೇ? ಈ ವಾದದಲ್ಲಿ ಅರ್ಧ ಹುರುಳಿದೆ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರನ್ನು ನೋಡಿಕೊಳ್ಳಲು ಅಮೆರಿಕದಲ್ಲೂ ಜನ ಸಾಲದೇ ಹೋಗಿದ್ದರು. 1946ರಲ್ಲಿ ಅಲ್ಲಿನ ವೆಟರನ್ಸ್ ಅಡ್ಮಿನಿಸ್ಟ್ರೇಶನ್, ವಿಶ್ವವಿದ್ಯಾಲಯಗಳ ಜೊತೆ ಸೇರಿ, ವಿದ್ಯಾರ್ಥಿಗಳನ್ನು ತನ್ನ ಆಸ್ಪತ್ರೆಗಳಿಗೆ ಕರೆದುಕೊಂಡಿತು. ಆದರೆ ಸಂಬಳ ಕೊಟ್ಟು ಕರೆದುಕೊಂಡಿತು. ನಮ್ಮಲ್ಲಿ ಹಲವು ಕಡೆ ಲಕ್ಷಗಟ್ಟಲೆ ಶುಲ್ಕ ಕಟ್ಟಿದ ವಿದ್ಯಾರ್ಥಿಯೇ ಪುಕ್ಕಟೆ ದುಡಿಯುತ್ತಾನೆ, ಮತ್ತು ಪುಕ್ಕಟೆ ಸಿಕ್ಕ ಕೈಯ ಉಸ್ತುವಾರಿಗೆ ಖರ್ಚು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ದೂರ ಎಂಬುದು ಈಗ ನೆಪ: ನಿಮ್ಹಾನ್ಸಿನವರು ವಿಡಿಯೋ ಮೂಲಕ ದೂರದ ಜಿಲ್ಲೆಗಳ ವೈದ್ಯರ ಜೊತೆ ಕೇಸು ಚರ್ಚಿಸುತ್ತಾ ಕಲಿಸುತ್ತಿದ್ದಾರೆ. ಅಭಾವ ಇರುವುದು ಸೂಪರ್‌ವೈಸರ ಸಮಯಕ್ಕೆ. ಪಾಠ ಮಾಡಿದ ಗಂಟೆಗಳಂತೆ ಇದನ್ನೂ ಕೆಲಸವೆಂದು ಎಣಿಸದಿದ್ದರೆ ಆ ಸಮಯ ಹುಟ್ಟುವುದಿಲ್ಲ.

ಎಂ.ಫಿಲ್. ಪದವಿಯನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಕೋರ್ಸಿಗೆ ಸಿಕ್ಕಿದ್ದು ತಾತ್ಕಾಲಿಕ ವಿನಾಯಿತಿ. ಭಾರತೀಯ ಪುನರ್ವಸತಿ ಪರಿಷತ್ತು ಹೊಸ ಕೋರ್ಸುಗಳನ್ನು ರೂಪಿಸಿದೆ. ಮೇಲ್ವಿಚಾರಣೆಯ ನಿಯಮ ತಿದ್ದಲು ಇದೇ ಸಮಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ, ಸೇವೆಯ ಲೋಪದ ಬಗ್ಗೆ ದೂರುವ ಹಕ್ಕನ್ನೂ ಕೊಟ್ಟಿದೆ. ದೂರಲು ಒಂದು ಹೆಸರು ಬೇಕಲ್ಲ. ತಾನು ಕಲಿಯುತ್ತಿರುವವಳು, ಮೇಲಿನವರು ಇಂಥವರು, ಹೇಳಿದ್ದು ಅವರಿಗೂ ತಿಳಿಯುತ್ತದೆ ಎಂದು ಟ್ರೈನಿ ಮೊದಲೇ ಹೇಳಿದರೆ ಎದ್ದುಹೋಗುವ ರೋಗಿಗಳೂ ಇದ್ದಾರೆ. ಹೋಗಲಿ, ಅದೂ ಅವರ ಹಕ್ಕೇ. ಇದಕ್ಕಿಂತ ಕಷ್ಟದ್ದು ಪೋಸ್ಟಿಂಗ್ ಮುಗಿಯುವ ದಿನ. ನಾಲ್ಕು ವಾರಕ್ಕೆ ಟ್ರೈನಿಯ ಅವಧಿ ಮುಗಿಯುತ್ತದೆ, ರೋಗಿಗೆ ಆಗಷ್ಟೇ ಮಾತು ಬರತೊಡಗಿರುತ್ತದೆ. ಮುಂದೆ ಅವಳನ್ನು ನೋಡುವವರು ಯಾರು ಎಂಬುದು ಮೊದಲ ದಿನವೇ ಅವಳ ಕಡತದಲ್ಲಿ ಹೆಸರಿನ ಸಮೇತ ಇರಬೇಕು. ಇಲ್ಲವಾದರೆ ಚಿಕಿತ್ಸೆಗೆ ಕೈಹಾಕದೆ, ಪರೀಕ್ಷೆ ಮಾಡಿ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುವಲ್ಲಿಗೆ ನಿಲ್ಲಿಸುವುದು ಮೇಲು.